ತೊಂಬತ್ತೊಂದು ಸಸಿ

ಧರ್ಮನ ನರ್ಸರಿಗೆ ನಾನು ಮೊದಲ ಸಲ ಹೋದದ್ದು ಜಗಳ ಆಡುವುದಕ್ಕೆ. ಕೈಯಲ್ಲಿ ಒಂದು ಸಿಲ್ವರ್ ಸಸಿ, ಸೀರೆಯ ನೆರಿಗೆಗೆಲ್ಲ ಕೆಂಪು ಮಣ್ಣು, ಕೋಪ ಮೂಗಿನ ತುದಿಯಲ್ಲಿ.

ಆಗಿದ್ದು ಇಷ್ಟು. ನಾನು ಕುಂದೂರಿನ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಗಣಿತ ಹೇಳುವ ಟೀಚರ್, ಹೆಸರು ನೇತ್ರಾವತಿ. ಹುಟ್ಟೂರು ಚನ್ನರಾಯಪಟ್ಟಣ, ಬಾಡಿಗೆ ರೂಮು ಆಲೂರಿನಲ್ಲಿ. ಕಾಂಪೌಂಡಿನ ಉದ್ದಕ್ಕೆ ನೆಡಲು ಮೂವತ್ತಾರು ಸಿಲ್ವರ್ ಸಸಿ ಬೇಕು ಎಂದು ನಮ್ಮ ಹೆಡ್ ಮೇಷ್ಟ್ರು ರಸ್ತೆ ಬದಿಯ ನರ್ಸರಿಗೆ ಹೇಳಿ ಕಳಿಸಿದ್ದರು. ಕಾಫಿ ತೋಟಕ್ಕೆ ನೆರಳು ಕೊಡುವ ಮರ ಅದು, ಬೇಗ ಬೆಳೆಯುತ್ತದೆ. ಸಸಿಗಳು ಬಂದ ದಿನವೇ ನನ್ನ ಪಾಠ ಅಪವರ್ತನ.

ಮೂವತ್ತಾರು ಎಂದರೆ ಗಣಿತದ ಟೀಚರ್‌ಗೆ ಹಬ್ಬದ ಊಟ. ಎರಡು ಸಾಲಿನಲ್ಲಿ ಕೂರುತ್ತದೆ, ಮೂರರಲ್ಲಿ ಕೂರುತ್ತದೆ, ನಾಲ್ಕು, ಆರು, ಒಂಬತ್ತು, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಗುಂಡಿಗೆ ಇಳಿಸುವ ಮೊದಲು ಮಕ್ಕಳ ಕೈಯಲ್ಲೇ ಸಾಲು ಹಾಕಿಸಿ ತೋರಿಸೋಣ ಎಂದು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಎರಡು ಸಾಲು ಮಾಡಿದರು, ಒಂದು ಉಳಿಯಿತು. ಮೂರು ಮಾಡಿದರು, ಒಂದು ಉಳಿಯಿತು. ಮಕ್ಕಳಿಗೆ ಜೋಡಿಸಲು ಬರುವುದಿಲ್ಲ ಎಂದು ನಾನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಆರು ಸಾಲು ಹಾಕಿದೆ. ಆಗಲೂ ಒಂದು ಸಸಿ ಹೊರಗೆ ನಿಂತು ನನ್ನನ್ನೇ ನೋಡುತ್ತಿತ್ತು. ಮೂವತ್ತಾರಕ್ಕೆ ಅಪವರ್ತನವೇ ಇಲ್ಲವಾ ಮಿಸ್ ಎಂದು ಒಬ್ಬಳು ಕೇಳಿದ ಮೇಲೆ ನನಗೆ ಎಣಿಸಿ ನೋಡುವ ಬುದ್ಧಿ ಬಂತು. ಇದ್ದದ್ದು ಮೂವತ್ತೇಳು.

ಮೂವತ್ತೇಳು ಯಾರ ಮಾತನ್ನೂ ಕೇಳದ ಸಂಖ್ಯೆ. ಒಂದೇ ಸಾಲಿನಲ್ಲಿ ಉದ್ದಕ್ಕೆ ನಿಲ್ಲುತ್ತದೆಯೇ ಹೊರತು, ಹೇಗೆ ಮಡಚಿದರೂ ಬಾಲ ಉಳಿಸುತ್ತದೆ. ಪುಸ್ತಕದ ಮಾತಿನಲ್ಲಿ ಅವಿಭಾಜ್ಯ. ಅದು ಮುಂದಿನ ವಾರದ ಪಾಠವಾಗಿತ್ತು.

ನರ್ಸರಿಯಲ್ಲಿ ಹಸಿರು ನೆರಳುಬಲೆಯ ಕೆಳಗೆ ಒಬ್ಬ ಉದ್ದನೆಯ ಮನುಷ್ಯ ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ನಿಮ್ಮ ಲೆಕ್ಕ ತಪ್ಪಿದೆ ಎಂದೆ. ಅವನು ಎದ್ದು ಕೈ ಒರೆಸಿಕೊಂಡು ಮೊದಲು ಸಸಿಯನ್ನು, ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಅವಸರ ಅನ್ನುವುದೇ ಇರಲಿಲ್ಲ. ಕಮ್ಮಿ ಬಂತಾ ಮೇಡಂ ಎಂದು ಕೇಳಿದ. ಜಾಸ್ತಿ ಬಂದಿದೆ ಎಂದೆ.

ಅವನ ನಗು ಮೊದಲು ಕಣ್ಣಿನ ಪಕ್ಕದಲ್ಲಿ ಶುರುವಾಗಿ, ಬಾಯಿಗೆ ಬರುವಷ್ಟರಲ್ಲಿ ಅರ್ಧ ಮುಗಿದಿತ್ತು. “ಜಾಸ್ತಿ ಬಂತು ಅಂತ ಜಗಳಕ್ಕೆ ಬಂದೋರು ನೀವೇ ಮೊದಲು ಕಣ್ರೀ,” ಎಂದ.

ನರ್ಸರಿಯ ಹಳೆಯ ಆಳು ಕುಳ್ಳಯ್ಯ ನನಗೆ ವಿಷಯ ಬಿಡಿಸಿ ಹೇಳಿದ. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ನನಗೂ ಗೊತ್ತು. ನಮ್ಮ ಕಡೆ ಲಾಭ ಆದ ಮೇಲೆ ಎರಡು. ಇವರ ಮನೆಯಲ್ಲಿ ಲಾಭ ಆದ ಮೇಲೆ ಒಂದು. ಧರ್ಮನ ಅಪ್ಪ ನರ್ಸರಿ ಹಾಕಿದ ಕಾಲದಿಂದ ಹಾಗೇ. ಹೀಗಾಗಿ ಇಲ್ಲಿಂದ ಹೊರಡುವ ಪ್ರತಿ ಲೋಡಿನಲ್ಲೂ ಒಂದು ಸಸಿ ಹೆಚ್ಚು ಇರುತ್ತದೆ, ಮಾರನಹಳ್ಳಿಯ ಎಸ್ಟೇಟಿನವರಾಗಲಿ ಸಕಲೇಶಪುರದವರಾಗಲಿ ಇದುವರೆಗೆ ಬೇಡ ಎಂದಿಲ್ಲ.

ಕೊಟ್ಟ ಲಾಭವನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲವಂತೆ. ಗುಂಡಿ ತೆಗೆಸಿರುವುದು ಮೂವತ್ತಾರೇ, ಇದನ್ನು ನನ್ನ ತಲೆ ಮೇಲೆ ನೆಡಲಾ ಎಂದು ಕೇಳಿದೆ. ಧರ್ಮ ಗಂಭೀರವಾಗಿ ನನ್ನ ತಲೆಯನ್ನೇ ನೋಡಿದ. ಅಲ್ಲಿ ಬಿಸಿಲು ಜಾಸ್ತಿ ಮೇಡಂ, ನಾಳೆ ನಾನೇ ಬಂದು ಗುಂಡಿ ತೆಗೀತೀನಿ ಎಂದ.

ಬಂದ ಕೂಡ. ಹೆಗಲ ಮೇಲೆ ಹಾರೆ ಇಟ್ಟುಕೊಂಡು, ಪ್ರಾರ್ಥನೆ ಮುಗಿಯುವ ಹೊತ್ತಿಗೆ. ನಾನು ಒಳಗೆ ಪಾಠ ಮಾಡುತ್ತ ಬೋರ್ಡಿನ ಕಡೆಗಿಂತ ಕಿಟಕಿಯ ಕಡೆ ಹೆಚ್ಚು ತಿರುಗಿದೆ. ಆ ದಿನ ಮಕ್ಕಳು ಕಲಿತದ್ದು ಅಷ್ಟಕ್ಕಷ್ಟೇ.

ಊರೆಲ್ಲ ಅವನನ್ನು ಧರ್ಮಣ್ಣ ಎನ್ನುತ್ತದೆ. ಹೆಡ್ ಮೇಷ್ಟ್ರು, ಬಸ್ಸಿನ ಕಂಡಕ್ಟರ್, ಅವನಿಗಿಂತ ದೊಡ್ಡವರು ಕೂಡ. ನನ್ನ ಬಾಯಿಗೆ ಮಾತ್ರ ಆ ಅಣ್ಣ ಬರಲಿಲ್ಲ. ಬಂದರೆ ತೊಂದರೆ ಎಂದು ಬಾಯಿಗೆ ನನಗಿಂತ ಮೊದಲೇ ಗೊತ್ತಾಗಿರಬೇಕು. ಧರ್ಮ ಎಂದು ಬರಿದೇ ಕರೆಯಲು ಸಂಕೋಚ, ಅದಕ್ಕೆ ಏನೂ ಕರೆಯದೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಅವನಂತೂ ಮಾತಿಗೊಂದು ಮೇಡಂ ಸೇರಿಸುತ್ತಿದ್ದ.

ಶನಿವಾರ ಬೆಳಗಿನ ಶಾಲೆ. ಆಲೂರಿನ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ, ನರ್ಸರಿಯ ಎದುರೇ ಸ್ಟಾಪು. ಬಿಸಿಲಲ್ಲಿ ಯಾಕೆ ನಿಲ್ಲಬೇಕು ಎಂದು ಒಂದು ದಿನ ಒಳಗೆ ಹೋದೆ. ಮುಂದಿನ ಶನಿವಾರ ಮೋಡ ಇತ್ತು, ಆಗಲೂ ಹೋದೆ. ಧರ್ಮನ ಅವ್ವ ಪಾರ್ವತಮ್ಮ ಬೆಲ್ಲದ ಕಾಫಿ ಕೊಡುತ್ತಿದ್ದರು, ನನ್ನ ಮನೆಯವರ ಬಗ್ಗೆ ಎಲ್ಲ ವಿಚಾರಿಸುತ್ತಿದ್ದರು. ವಯಸ್ಸು ಎಷ್ಟು ಎಂದೂ ಕೇಳಿದರು. ಮೂವತ್ತೊಂದು ಎಂದೆ. ನನ್ನ ವಯಸ್ಸೂ ಅವಿಭಾಜ್ಯ ಸಂಖ್ಯೆ, ನಾನೂ ಹಾಗೇ ಎಂದು ನಮ್ಮ ಅಕ್ಕ ಆಗಾಗ ಆಡಿಕೊಳ್ಳುವುದನ್ನು ಅವರಿಗೆ ಹೇಳಲಿಲ್ಲ.

ಧರ್ಮ ಹಾಸನದಲ್ಲಿ ಡಿಗ್ರಿ ಮುಗಿಸಿದವನು. ಆದರೆ ಗಣಿತ ಎಂದರೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದು ಬಂದಿದ್ದನಂತೆ. ಈಗ ಅವನಿಗೆ ಹೊಸ ಚಾಳಿ ಹತ್ತಿತು. ಕೂರುವ ಸಂಖ್ಯೆ ಯಾವುದು, ಕೂರದ ಸಂಖ್ಯೆ ಯಾವುದು ಎಂದು ಸಸಿಗಳನ್ನು ಮುಂದಿಟ್ಟುಕೊಂಡು ನನ್ನನ್ನು ಕೇಳುವುದು. ಹನ್ನೆರಡು ಕೂರುತ್ತದೆ, ಹದಿಮೂರು ಕೂರುವುದಿಲ್ಲ. ಹದಿನೈದು ಕೂರುತ್ತದೆ, ಹದಿನೇಳು ಇಲ್ಲ. ತೋಟದ ಭಾಷೆಯಲ್ಲಿ ನನ್ನ ಪಾಠ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ನನಗೇ ಆಶ್ಚರ್ಯವಾಗುತ್ತಿತ್ತು.

ಒಂದನ್ನು ಏನೆನ್ನಬೇಕು, ಅದೂ ಅವಿಭಾಜ್ಯವೇನಾ ಎಂದು ಒಮ್ಮೆ ಕೇಳಿದ. ಅಲ್ಲ ಎಂದೆ. ಅವಿಭಾಜ್ಯ ಎನಿಸಿಕೊಳ್ಳಲು ಸರಿಯಾಗಿ ಎರಡು ಅಪವರ್ತನ ಬೇಕು, ಒಂದು ಮತ್ತು ಅದೇ ಸಂಖ್ಯೆ. ಒಂದಕ್ಕೆ ಇರುವುದೇ ಒಂದು. ಅದಕ್ಕೆ ಅದನ್ನು ಆ ಗುಂಪಿಗೂ ಸೇರಿಸುವುದಿಲ್ಲ, ಈ ಗುಂಪಿಗೂ ಸೇರಿಸುವುದಿಲ್ಲ.

ಅವನು ಒಂದು ಸಸಿಯನ್ನು ಸಾಲಿನಿಂದ ಆಚೆ ಇಟ್ಟು ನೋಡಿದ. “ಅಂದ್ರೆ ಅದು ನಮ್ಮನೆ ಲಾಭ ಇದ್ದಂಗೆ. ಎಲ್ಲಾ ಲೆಕ್ಕದಾಗೂ ಐತೆ, ಲೆಕ್ಕದಿಂದ ಹೊರಗೂ ಐತೆ.”

ಹೇಳಿ ನನ್ನ ಮುಖ ನೋಡಿದ. ಸರಿ ಹೇಳಿದೆನಾ ಎಂದು ಕೇಳುವ ಆರನೇ ಕ್ಲಾಸಿನವರ ಮುಖವೇ ಅದು. ಆದರೆ ಆರನೇ ಕ್ಲಾಸಿನವರು ನೋಡಿದರೆ ನನ್ನ ಕಿವಿ ಬಿಸಿಯಾಗುವುದಿಲ್ಲ. ಸರಿ ಎಂದು ಹೇಳಿ ಕಾಫಿ ಲೋಟದ ಒಳಗೆ ಮುಖ ಇಟ್ಟುಕೊಂಡೆ.

ಆಮೇಲೆ ಫೋನಿಗೆ ಮೆಸೇಜ್ ಬರತೊಡಗಿತು. ಸಾಯಂಕಾಲದ ಹೊತ್ತು, ಬರೀ ಒಂದು ಸಂಖ್ಯೆ. ಐವತ್ತಮೂರು ಎಂದು ಬಂದರೆ ನಾನು ಕೂರಲ್ಲ ಎಂದು ಬರೆಯುವುದು. ಐವತ್ತೇಳು ಎಂದು ಬಂದಾಗ ಮೂರು ಸಾಲು ಹಾಕಿ ಎಂದು ಬರೆಯುವುದು. ಬೇರೆಯವರು ನೋಡಿದರೆ ಇದೇನು ಮಟ್ಕಾ ನಂಬರೋ ಅಂದುಕೊಳ್ಳುತ್ತಿದ್ದರು. ಇಬ್ಬರೂ ದೊಡ್ಡವರು, ಇಬ್ಬರಿಗೂ ಬುದ್ಧಿ ಇದೆ, ಆದರೂ ತಿಂಗಳುಗಟ್ಟಲೆ ಸಂಖ್ಯೆಗಳ ಹಿಂದೆ ಅವಿತುಕೊಂಡೇ ಮಾತಾಡಿದೆವು. ಒಂದು ಸಂಜೆ ಸಂಖ್ಯೆ ಬರಲಿಲ್ಲ. ಊಟ ಆಯ್ತಾ ಎಂದು ಬಂದಿತ್ತು. ನಾನು ಆ ಎರಡು ಪದಗಳನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನಗುತ್ತೀರಿ. ನನಗೆ ಅವನು ಬೇಕು ಎನ್ನುವುದು ಆ ಸಂಜೆ ನನಗೆ ಸ್ಪಷ್ಟವಾಯಿತು.

ಏಳರ ಸಂಗತಿ ಗೊತ್ತಾದದ್ದು ಕಾಫಿ ಹಣ್ಣು ಕೆಂಪಾಗುವ ದಿನಗಳಲ್ಲಿ. ಕುಳ್ಳಯ್ಯ ಮೆಣಸಿನ ಬಳ್ಳಿಯ ಸಸಿಗಳನ್ನು ಗಾಡಿಗೆ ಏರಿಸುತ್ತಿದ್ದ. ಆರು ಎಂದವನು, ಮತ್ತೊಂದು ಎಂದು ಹೇಳಿ ಎಂಟಕ್ಕೆ ಹೋದ. ನನಗೆ ನಗು ಬಂತು. ಪಾರ್ವತಮ್ಮ ನಗಲಿಲ್ಲ. ಈ ಮನೆಯಲ್ಲಿ ಸಸಿ ಎಣಿಸುವಾಗ ಏಳು ಎಂದು ಬಾಯಲ್ಲಿ ಹೇಳುವುದಿಲ್ಲ, ಏಳು ಸಾಲಿನ ಮಡಿಯನ್ನೂ ಹಾಕುವುದಿಲ್ಲ ಎಂದರು. ನೋಡಿದರೆ ಹೌದು. ಸಸಿ ಜೋಡಿಸಿದ ಮಡಿಗಳಲ್ಲಿ ಐದರ ಸಾಲು, ಆರರ ಸಾಲು ಇದ್ದವು, ಎಂಟು ಹತ್ತೂ ಇದ್ದವು, ಏಳು ಎಲ್ಲೂ ಇರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಕುಳ್ಳಯ್ಯ ಶನಿಯ ಹೆಸರು ಹೇಳಿದ, ಧರ್ಮ ತೀರಿಹೋದ ಅಪ್ಪನ ಹೆಸರು ಹೇಳಿದ. ಹಿರಿಯರು ಹಾಕಿದ ಆಲದ ಮರ ಇರಬಹುದು ಎಂದುಕೊಂಡು ನಾನೂ ಸುಮ್ಮನಾದೆ.

ಅದೇ ವಾರ ವರ್ಗಾವಣೆ ಪಟ್ಟಿ ಬಂತು. ಆರು ವರ್ಷದಿಂದ ಪ್ರತಿ ಸಲವೂ ಊರಿಗೆ ಹತ್ತಿರ ಕೊಡಿ ಎಂದು ಅರ್ಜಿ ಹಾಕುತ್ತಲೇ ಬಂದಿದ್ದೆ. ಈ ಸಲ ಹಾಕುವಾಗ ಇನ್ನೂ ಮೂವತ್ತೇಳು ಸಸಿಗಳ ಜಗಳ ಆಗಿರಲಿಲ್ಲ. ಈಗ ಸೀನಿಯಾರಿಟಿ ಬಂದು ನನ್ನ ಹೆಸರು ಮೇಲೆಯೇ ಇತ್ತು. ಹಾಸನದಲ್ಲಿ ಕೌನ್ಸೆಲಿಂಗ್‌ಗೆ ಹೋಗಿ ಚನ್ನರಾಯಪಟ್ಟಣದ ಸ್ಕೂಲು ಆರಿಸಿಕೊಂಡರೆ ಮುಗಿಯಿತು. ಅಮ್ಮ ಫೋನಿನಲ್ಲೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಕ್ಕ ಯಾರೋ ಒಬ್ಬ ಲೆಕ್ಚರರ್‌ನ ಫೋಟೋ ಕಳಿಸಿದಳು.

ನಾನು ಧರ್ಮನಿಗೆ ಹೇಳಿದೆ. ಹೇಳುವಾಗ ಅವನ ಕೈಯನ್ನು ನೋಡುತ್ತಿದ್ದೆ, ಮಣ್ಣು ತುಂಬುತ್ತಿದ್ದ ಕೈ ನಿಂತಿತು. ಹೋಗಬೇಡಿ ಎನ್ನಲಿ ಎಂದು ಕಾದೆ. ಅವನು ಚೀಲದ ಮಣ್ಣನ್ನು ಎರಡು ಸಲ ಒತ್ತಿ, ಒಳ್ಳೇದಾಯ್ತಲ್ಲ ಮೇಡಂ, ಮನೆ ಹತ್ರ ಎಂದ. ಅಂದು ಸಂಜೆ ಸಂಖ್ಯೆ ಬರಲಿಲ್ಲ, ಮಾರನೆಯ ಸಂಜೆಯೂ ಬರಲಿಲ್ಲ.

ಕೌನ್ಸೆಲಿಂಗ್ ಸೋಮವಾರ. ಅದರ ಹಿಂದಿನ ಶನಿವಾರ ನಾನು ಎಂದಿನಂತೆ ನರ್ಸರಿಗೆ ಹೋದೆ. ಬೇಲಿಯ ಉದ್ದಕ್ಕೂ ಸಿಲ್ವರ್ ಸಸಿಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಈ ವರ್ಷ ಮಾರಿ ಉಳಿದ ಸಸಿಗಳು, ತೊಂಬತ್ತೊಂದು. ಹೀಗೆ ಯಾಕೆ ಇಟ್ಟಿದ್ದೀರಿ ಎಂದೆ.

ಧರ್ಮ ಸಾಲನ್ನೇ ನೋಡುತ್ತ ಹೇಳಿದ. “ಎಲ್ಲಾ ತರದಾಗೂ ಹಾಕಿ ನೋಡ್ದೆ ಮೇಡಂ. ಎರಡು, ಮೂರು, ಐದು, ಆರು, ಒಂಬತ್ತು, ಹತ್ತು. ಎಂಗೆ ಹಾಕುದ್ರೂ ಒಂದು ಉಳ್ಕತದೆ. ಆಸೆ ಇತ್ತು, ಕೂರಲಿ ಅಂತ. ನೀವು ಟೀಚರು, ಬಯಲುಸೀಮೆ ಕಡೆಯೋರು, ಆರು ವರ್ಷ ಕಾದು ಊರಿಗೆ ಹೋಯ್ತಿದೀರಿ. ನಾನು ಡಿಗ್ರಿ ಮಾಡಿದ್ರೂ ಈ ಮಣ್ಣು ಬಿಟ್ಟು ಬೇರೆ ಕೆಲ್ಸ ಬರದೋನು. ಕೂರದಿರೋದನ್ನ ಬಲವಂತವಾಗಿ ಕೂರುಸ್ಬಾರ್ದು.”

ಅವನು ಸಸಿಗಳ ಮಾತಿನಿಂದ ಎಲ್ಲಿಗೆ ಹೋದ ಎಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಆಸೆ ಇತ್ತು ಎಂದಿದ್ದ. ಇಷ್ಟು ತಿಂಗಳಲ್ಲಿ ಅವನು ನೇರವಾಗಿ ಹೇಳಿದ್ದು ಅದೊಂದೇ. ಅದನ್ನೂ ಭೂತಕಾಲದಲ್ಲಿ ಹೇಳಿಬಿಟ್ಟನಲ್ಲ ಎಂದು ನನಗೆ ಸಂಕಟವಾಯಿತು.

ಆದರೆ ಲೆಕ್ಕ ತಪ್ಪಿದರೆ ಸುಮ್ಮನಿರುವ ಜಾತಿ ನಾನಲ್ಲ. ನೂರರ ಒಳಗಿನ ಯಾವ ಸಂಖ್ಯೆಯಾದರೂ ಸರಿ, ಕೂರುತ್ತದೋ ಇಲ್ಲವೋ ಎಂದು ತಿಳಿಯಲು ಎರಡು, ಮೂರು, ಐದು, ಏಳು ನೋಡಿದರೆ ಸಾಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಹತ್ತು ಹತ್ತಲಿ ನೂರು, ಅದರ ಒಳಗಿನದು ಮಡಚಿಕೊಳ್ಳುವುದಿದ್ದರೆ ಹತ್ತಕ್ಕಿಂತ ಚಿಕ್ಕದೊಂದರಲ್ಲಿ ಮಡಚಿಕೊಳ್ಳಲೇಬೇಕು. ಐದಕ್ಕೇ ನಿಲ್ಲಿಸಿದವರು ಮೋಸ ಹೋಗುವುದು ಇಂಥ ಕಡೆಯೇ. ತೊಂಬತ್ತೊಂದು ನೋಡಲು ಅವಿಭಾಜ್ಯದ ಹಾಗೆ ಬಿಗುಮಾನದಲ್ಲಿ ನಿಂತಿರುತ್ತದೆ.

“ಏಳರಲ್ಲಿ ಹಾಕಿ ನೋಡಿದ್ರಾ?” ಎಂದೆ.

ಅವನು ಅಂಗೈಯ ಮಣ್ಣು ಉದುರಿಸಿಕೊಂಡ. ಆಮೇಲೆ ಮೆಲ್ಲಗೆ, “ನಮ್ಮನೇಲಿ ಏಳು ಹಾಕಲ್ಲ,” ಎಂದ.

ನಾನು ವ್ಯಾನಿಟಿ ಬ್ಯಾಗನ್ನು ಬೇಲಿಗೆ ನೇತುಹಾಕಿ ಸೆರಗು ಸಿಕ್ಕಿಸಿದೆ. ಒಂದೊಂದೇ ಸಸಿಯನ್ನು ಎತ್ತಿ ಮೊದಲ ಸಾಲು ಇಟ್ಟೆ, ಎರಡನೆಯದು ಇಟ್ಟೆ. ಬೇಡ ಮೇಡಂ ಎಂದು ಅವನು ಒಂದು ಸಲ ಹೇಳಿದ, ಎರಡನೆಯ ಸಲ ಹೇಳಲಿಲ್ಲ. ಮೂರನೆಯ ಸಾಲಿನ ನಡುವೆ ತಾನೂ ಕೂತು ಸಸಿ ದಾಟಿಸತೊಡಗಿದ. ಚೀಲ ಕೈಯಿಂದ ಕೈಗೆ ಹೋಗುವಾಗ ಬೆರಳು ತಗಲುತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಮಣ್ಣು ನೋಡುತ್ತಿದ್ದೆವು, ಆದರೆ ಚೀಲವನ್ನು ಬಿಡುವುದು ಮಾತ್ರ ಇಬ್ಬರಿಗೂ ನಿಧಾನವಾಗುತ್ತಿತ್ತು.

ಏಳು ಸಾಲು, ಸಾಲಿಗೆ ಹದಿಮೂರು. ಕೊನೆಯ ಸಸಿ ತನ್ನ ಮೂಲೆಯಲ್ಲಿ ಕೂತಿತು. ಬೇಲಿಯ ಬುಡದಲ್ಲಿ ಒಂದೂ ಉಳಿದಿರಲಿಲ್ಲ.

ನಾನು ಎದ್ದು ಅವನ ಮುಖ ನೋಡಿದೆ. ಅವನು ಆ ಚೌಕಟ್ಟನ್ನು ಹೊಸ ಊರು ನೋಡಿದಂತೆ ನೋಡುತ್ತಿದ್ದ. ತುಟಿ ಅಲುಗಿತು. ಅಷ್ಟರಲ್ಲಿ ಪಾರ್ವತಮ್ಮ ಬಾಗಿಲಿಗೆ ಬಂದರು. ಸಾಲುಗಳನ್ನು ನೋಡಿದರು, ನನ್ನನ್ನು ನೋಡಿದರು. ಧರ್ಮ ತಲೆ ತಗ್ಗಿಸಿ, “ಲೆಕ್ಕಕ್ಕೆ ಕೂತ್ಕತು ಮೇಡಂ,” ಎಂದ. ಅದರ ಮುಂದಿನ ಮಾತು ಬರಲೇ ಇಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬಸ್ಸು ಬಂತು, ನಾನು ಹತ್ತಿದೆ. ಆಲೂರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಅವನನ್ನು ಬೈದೆ, ಆಮೇಲೆ ನನ್ನನ್ನು ಬೈದುಕೊಂಡೆ, ಆಮೇಲೆ ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಧೂಳು ಬಿತ್ತೇನವ್ವಾ ಎಂದು ಕೇಳಿ, ಕೈ ಚಾಚಿ ಕಿಟಕಿಯ ಗಾಜು ಮುಚ್ಚಿದರು.

ಭಾನುವಾರವೆಲ್ಲ ಫೋನು ಕೈಯಲ್ಲೇ ಇತ್ತು. ಅಮ್ಮನ ಕರೆ ಬಂತು, ಅಕ್ಕನ ಕರೆ ಬಂತು.

ಸೋಮವಾರ ಹಾಸನದ ಆ ಹಾಲ್‌ನಲ್ಲಿ ನನ್ನ ಹಾಗೆ ಕಾದು ಕೂತವರು ತುಂಬ ಜನ. ಎದುರಿನ ಪರದೆಯ ಮೇಲೆ ಖಾಲಿ ಇರುವ ಶಾಲೆಗಳ ಹೆಸರು ಬರುತ್ತಿತ್ತು, ಯಾರಾದರೂ ಆರಿಸಿಕೊಂಡ ಕೂಡಲೇ ಮಾಯವಾಗುತ್ತಿತ್ತು. ಕೆಲವರು ಅಳುತ್ತ ಬಂದರು, ಕೆಲವರು ಸ್ವೀಟ್ ಹಂಚಿದರು. ಚನ್ನರಾಯಪಟ್ಟಣದ, ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಸ್ಕೂಲು ಇನ್ನೂ ಪರದೆಯ ಮೇಲೆಯೇ ಇತ್ತು. ಅದನ್ನು ನೋಡಿ ಸಂತೋಷವಾಗುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಆ ಶಾಲೆಯ ಅಂಗಳ ನೆನಪಾಯಿತು. ಶನಿವಾರ ಮಧ್ಯಾಹ್ನ ಆ ಗೇಟಿನಿಂದ ಹೊರಗೆ ಬಂದು ನಾನು ಎಲ್ಲಿಗೆ ಹೋಗುತ್ತೇನೆ ಎಂದು ಯೋಚಿಸಿದೆ, ಹೋಗುವ ಜಾಗ ಹೊಳೆಯಲಿಲ್ಲ.

ಅವನು ಕೇಳಿಲ್ಲ. ಕೇಳದೆಯೂ ಇರಬಹುದು. ಆದರೂ ನನ್ನ ಮನಸ್ಸು ಎಲ್ಲಿದೆ ಎನ್ನುವುದು ಅವನು ಕೇಳುವುದರ ಮೇಲೆ ನಿಂತಿರಲಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ, ಆ ರಸ್ತೆಯನ್ನು, ಆ ಮಕ್ಕಳನ್ನು ಕೂಡ. ಹಾಗಿರುವಾಗ ಊರಿಗೆ ಹೋಗಿ ಬಾಗಿಲು ಹಾಕಿಕೊಂಡು ಕೊರಗುವುದಕ್ಕಿಂತ, ಇಲ್ಲೇ ಇದ್ದು ಅವನ ಮೇಲೆ ಸಿಟ್ಟು ಮಾಡಿಕೊಂಡಿರುವುದು ಮೇಲು ಅನ್ನಿಸಿತು.

ಹೆಸರು ಕರೆದರು. ಮೇಜಿನ ಹಿಂದಿದ್ದ ಅಧಿಕಾರಿ ಯಾವ ಸ್ಥಳ ಎಂದು ಕೇಳಿದರು. ನನಗೆ ಬೇಡ ಸರ್, ಇದ್ದಲ್ಲೇ ಇರುತ್ತೇನೆ ಎಂದೆ. ಅವರು ಕನ್ನಡಕ ಮೇಲೆತ್ತಿ ನೋಡಿದರು. ಯಾಕಮ್ಮ, ಆರು ವರ್ಷ ಕಾದಿದ್ದೀರಲ್ಲ ಎಂದರು. ಇನ್ನೂ ಸ್ವಲ್ಪ ಕಾಯ್ತೀನಿ ಸರ್ ಎಂದೆ.

ಹೊರಗೆ ಬಂದರೆ ಬಿಸಿಲು. ಗೇಟಿನ ಪಕ್ಕದಲ್ಲಿ ನರ್ಸರಿಯ ಪಿಕಪ್ ನಿಂತಿತ್ತು. ಅದರ ನೆರಳಲ್ಲಿ ಧರ್ಮ, ಪಕ್ಕದಲ್ಲಿ ಮದುವೆ ಮನೆಗೆ ಉಡುವ ಸೀರೆ ಉಟ್ಟ ಪಾರ್ವತಮ್ಮ. ಅವನ ಅಂಗಿ ಇಸ್ತ್ರಿ ಮಾಡಿದ್ದು, ಉಗುರಿನಲ್ಲಿ ಮಾತ್ರ ಕೆಂಪು ಮಣ್ಣು ಹಾಗೇ ಇತ್ತು. ನನ್ನನ್ನು ಕಂಡವನು ಎರಡು ಹೆಜ್ಜೆ ಮುಂದೆ ಬಂದು, ಆಯ್ತಾ ಎಂದು ಕೇಳಿದ. ಆಯ್ತು ಎಂದೆ. ಅವನ ಮುಖ ಇಳಿಯಿತು. ಏನಾಯ್ತು ಎಂದು ಬಿಡಿಸಿ ಹೇಳುವ ಮನಸ್ಸು ನನಗೆ ಇನ್ನೂ ಬರಲಿಲ್ಲ, ಅಷ್ಟು ಶಿಕ್ಷೆ ಅವನಿಗೆ ಇರಲಿ ಎಂದುಕೊಂಡೆ.

“ನಿನ್ನೆ ಅವ್ವನ್ನ ಕೇಳ್ದೆ,” ಎಂದ. “ಯಾಕೆ ಏಳು ಹಾಕಲ್ಲ ಅಂತ.”

ಪಾರ್ವತಮ್ಮ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು. “ಇವ್ರಪ್ಪ ಹಾಕ್ತಿರ್ಲಿಲ್ಲ, ನಾನೂ ಹಾಕ್ಲಿಲ್ಲ ಕಣವ್ವ. ಯಾಕೆ ಅಂತ ನಾನೂ ಕೇಳ್ಲಿಲ್ಲ, ಆ ಮಾರಾಯನೂ ಹೇಳ್ಲಿಲ್ಲ. ಕಾರಣ ಅಂತ ಒಂದಿದ್ರೆ ತಾನೆ ಹೇಳಾಕೆ.” ಬೆಳಗ್ಗೆ ಎದ್ದು ತಾವೇ ಆ ಏಳು ಸಾಲಿಗೂ ನೀರು ಹಾಕಿ ಬಂದದ್ದನ್ನೂ ಹೇಳಿದರು.

ಧರ್ಮ ನನ್ನ ಕಣ್ಣನ್ನೇ ನೋಡಿದ. ಆ ನೋಟದಲ್ಲಿ ಎಂದಿನ ನಿಧಾನ ಇರಲಿಲ್ಲ.

“ಆಗ ನನ್ನನ್ನೂ ಕೇಳ್ಕೊಂಡೆ, ನೇತ್ರಾವತಿಯವ್ರನ್ನ ಯಾಕೆ ಕೇಳ್ಲಿಲ್ಲ ಅಂತ. ನನ್ನತ್ರಾನೂ ಕಾರಣ ಇರ್ಲಿಲ್ಲ. ಹೆದರ್ಕೆ ಅಷ್ಟೆ. ನನಗೆ ನೀವು ಬೇಕು. ನಿಮಗೆ ಊರು ಸಿಕ್ಕೈತೆ, ನೀವು ಬಿಟ್ಟು ಬನ್ನಿ ಅನ್ನಲ್ಲ. ನಾನೇ ಅಲ್ಲಿಗೆ ಬತ್ತೀನಿ. ಕಾಫಿ ಆಗಲ್ಲ ಅಲ್ಲಿ, ಗೊತ್ತು. ತೆಂಗಿನ ಸಸಿ ಮಾಡ್ತೀನಿ. ಕುಳ್ಳಯ್ಯ ಇಲ್ಲಿದು ನೋಡ್ಕತಾನೆ.”

ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಮಲೆನಾಡಿನ ಮಣ್ಣು ಬಿಟ್ಟು ಒಂದು ದಿನ ಎಲ್ಲೂ ನಿಲ್ಲದ ಮನುಷ್ಯ, ಬಯಲಿನಲ್ಲಿ ತೆಂಗಿನಕಾಯಿ ಹೂತು ಮೊಳಕೆ ಬರುವುದನ್ನು ಕಾಯುತ್ತೇನೆ ಎನ್ನುತ್ತಿದ್ದ. ಅದೂ ನನ್ನ ಉತ್ತರ ಏನು ಎಂದು ತಿಳಿಯುವ ಮೊದಲೇ.

“ಧರ್ಮ,” ಎಂದೆ. ಅಣ್ಣನೂ ಇಲ್ಲ, ಅವರೂ ಇಲ್ಲ. “ನಾನು ಎಲ್ಲೂ ಹೋಗ್ತಿಲ್ಲ. ಬೇಡ ಅಂತ ಹೇಳಿ ಬಂದೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಿಕಪ್ಪಿನ ಬಾಗಿಲಿಗೆ ಒರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ನಾನು ಹತ್ತಿರ ಹೋಗಿ ಅವನ ಮೊಣಕೈ ಹಿಡಿದುಕೊಂಡೆ. ಹಾಸನದ ರಸ್ತೆಯಲ್ಲಿ, ಹತ್ತಾರು ಮೇಷ್ಟ್ರುಗಳ ಎದುರಿಗೆ, ಹಾಡುಹಗಲಲ್ಲಿ. ಬಿಡಬೇಕು ಅನ್ನಿಸಲಿಲ್ಲ.

ಪಾರ್ವತಮ್ಮ ನನ್ನನ್ನೇ ನೋಡುತ್ತಿದ್ದರು. “ಅಂದ್ರೆ ಇವ್ನು ಕೇಳೋಕೆ ಮುಂಚೇನೇ ನೀನು ಉಳ್ಕಂಡ್ಯಾ?”

ಹೂಂ ಎಂದೆ.

ಅವರು ಮಗನ ಕಡೆ ತಿರುಗಿ, ನೋಡ್ಕಳೋ ಎಂದರು. ಆಮೇಲೆ ಸೆರಗಿನಿಂದ ನನ್ನ ಕೆನ್ನೆ ಒರೆಸಿದರು. ಅಲ್ಲಿ ನೀರಿದೆ ಎಂದು ನನಗೆ ಆಗ ಗೊತ್ತಾಯಿತು. “ನಿಮ್ಮವ್ವಂಗೆ ಒಂದು ಫೋನ್ ಮಾಡವ್ವ, ನಾನು ಮಾತಾಡ್ತೀನಿ,” ಎಂದರು.

ಅಮ್ಮ ಮೊದಲ ರಿಂಗಿಗೇ ಎತ್ತಿದಳು. ಬೆಳಗ್ಗೆಯಿಂದ ಫೋನಿನ ಮುಂದೆಯೇ ಕೂತಿದ್ದಳೆಂದು ಕಾಣುತ್ತದೆ. ಹಲೋ ಕೂಡ ಅನ್ನದೆ, ಯಾವ ಸ್ಕೂಲು ಸಿಕ್ತೇ ಎಂದು ಕೇಳಿದಳು. ನಾನು ಫೋನನ್ನು ಪಾರ್ವತಮ್ಮನವರ ಕೈಗೆ ಕೊಟ್ಟೆ.